ಸೂರ್ಯಪಾನಕ್ಕೆ ತೊಡಿಸಿದ ಕುಬಸ

ಯಮನೂರು
ಶುಕ್ರವಾರ, ೧೪ ನವೆಂಬರ್ ೨೦೨೫

ಅತ್ತಿಯವರಿಗೆ ನಿಮ್ಮ ಹಿರಿಸೊಸೆ ಶಾರದವ್ವನ ಶರಣು.

ನಿಮ್ಮ ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆ ಹೊತ್ತಿಗೆ ಸರಿಯಾಗಿ ತಗೊಳ್ಳುತ್ತೀರಾ? ಇಲ್ಲಿಯಾದರೆ ನೀರಿನ ತಂಬಿಗೆ ಹಿಡಿದು ನಿಮ್ಮ ಹಿಂದೆ ತಿರುಗಲು ನಾನಿದ್ದೆ. ಅಲ್ಲಿ ನಿಮ್ಮ ಕಿರಿಸೊಸೆ ಸುನಿತಾಳಿಗೆ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದಾರೆ, ಅವಳು ಎಲ್ಲಿ ತಿರುಗಿಯಾಳು? ತಾಯಿಯಿಲ್ಲದ ಹುಡುಗಿ, ಈಗ ಏಳು ತಿಂಗಳು. ನೀವು ಹೋಗಲೇಬೇಕಿತ್ತು, ನಾನು ಬೇಡ ಅನ್ನಲಿಲ್ಲ. ಹದಿನೈದು ದಿನ ಎಂದು ಹೋದವರಿಗೆ ಮೂರು ತಿಂಗಳಾಯಿತು, ಅದಕ್ಕೂ ನಾನು ಏನೂ ಅನ್ನುವುದಿಲ್ಲ. ನಾವು ಇಲ್ಲಿ ಆರಾಮ. ನಿಮ್ಮ ಮಗ ಆರಾಮ, ಮೊಮ್ಮಗ ಆರಾಮ, ಎಮ್ಮೆಯೂ ಆರಾಮ.

ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀರಿ. ಫೋನು ಸುನಿತಾಳದು. ನಿಮಗೆ ಕಿವಿ ಮಂದ ಎಂದು ಸ್ಪೀಕರ್ ಹಾಕುತ್ತಾಳೆ, ನಾನು ನಿಮಗೆ ಹೇಳಿದ್ದಕ್ಕೆಲ್ಲ ತಾನೇ ‘ಹೂಂ’ ಅನ್ನುತ್ತಾಳೆ. ನಾಳೆ ಮುಂಜಾನೆ ಬುಡನಸಾಬ ಕಾಕಾ ಮೊಮ್ಮಗಳಿಗೆ ಬಣ್ಣದ ತೊಟ್ಟಿಲು ತರಲು ನೀವಿರುವ ಕಲಘಟಗಿಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ. ಅಕ್ಷರ ದಪ್ಪಗೆ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು ನೀವೇ ಓದಿರಿ, ಅವಳಿಗೆ ಓದಲು ಕೊಡಬೇಡಿರಿ.

ನೀವು ಬಾವಿಯ ಬಾಜೂಕ ಬಿತ್ತಿ ಹೋದ ಸೂರ್ಯಪಾನದ ಹೂ ಮುಗಿದವು. ಅರಳಿದಾಗ ಹಾದಿಗೆ ಹೋಗುವವರೆಲ್ಲ ‘ಸೂರ್ಯಕಾಂತಿ’ ಎಂದು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಈಗ ಎಸಳು ಉದುರಿ ತಲೆ ಕೆಳಗೆ ಹಾಕಿವೆ, ಯಾರೂ ತಿರುಗಿ ನೋಡುವುದಿಲ್ಲ. ಕೆಲಸ ಶುರುವಾಗುವುದೇ ಈಗ, ಅದು ನನ್ನ ಪಾಲಿಗೆ. ನೀವು ಕಲಿಸಿದ ಹಾಗೆ ತೆನೆಯ ಬೆನ್ನು ನಿಂಬೆಹಣ್ಣಿನ ಬಣ್ಣಕ್ಕೆ ಬರುವತನಕ ಕಾದೆ. ಗೇಣುದ್ದ ದಂಟು ಬಿಟ್ಟು ಕೊಯ್ದು, ಮಾಳಿಗೆಯ ಮೇಲೆ ಬೋರಲು ಹಾಕಿ ಒಣಗಿಸಿದೆ, ಬಡಿದೆ, ಮೊರದಲ್ಲಿ ಕೇರಿದೆ. ಬರಿದಾದ ತೆನೆ ಎಮ್ಮೆಗೆ, ದಂಟು ನೀರೊಲೆಗೆ. ಬೀಜಕ್ಕೆಂದು ಐದು ತೆನೆ ಮಾತ್ರ ಗಿಡದಲ್ಲೇ ಬಿಟ್ಟಿದ್ದೇನೆ. ಬಡಿದು ಬಡಿದು ನನ್ನ ಎಡಗೈ ಬಾತುಕೊಂಡಿದೆ. ಬಾವಿಕಟ್ಟೆಯ ಮೇಲೆ ಜಾರಿ ಮುರಿದ ಕೈ ಕೂಡಿದ್ದೇ ಸೊಟ್ಟಗೆ, ಅವತ್ತಿನಿಂದ ದಪ್ಪ. ಸಂತೆಯ ಯಾವ ಕುಬಸದ ತೋಳೂ ಏರುವುದಿಲ್ಲ, ಹೊಲಿಗೆ ಬಿಚ್ಚಿ ಪಿನ್ನು ಚುಚ್ಚಿಕೊಂಡೇ ಆರು ವರ್ಷವಾಯಿತು. ನೀವಿದ್ದರೆ ಸಂಜೆ ಎಣ್ಣೆ ತಿಕ್ಕುತ್ತಿದ್ದಿರಿ. ಈಗ ನಾನೇ ಬಲಗೈಯಿಂದ ತಿಕ್ಕಿಕೊಳ್ಳುತ್ತೇನೆ.

ಹೋದ ವಾರ ಸುನಿತಾ ಸ್ಟೇಟಸ್ಸಿಗೆ ಒಂದು ವಿಡಿಯೋ ಹಾಕಿದ್ದಳು. ಮಲಗಿದಲ್ಲಿಂದಲೇ ಕಿಟಕಿಯಾಚೆ ತೆಗೆದದ್ದು, ಅವರ ಅಂಗಳದ ಬಕೀಟಿನಲ್ಲಿ ಸೂರ್ಯಪಾನ. ನೀವು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೋದ ಬೀಜ ಯಾವುದೆಂದು ನನಗೆ ತಿಳಿಯದೇ? ಹೂ ಮುಗಿದ ತೆನೆಗೆ ಗಿಳಿಯೊಂದು ಜೋತುಬಿದ್ದು ಕಾಳು ತಿನ್ನುತ್ತಿದೆ, ಹಿಂದಿನಿಂದ ನಿಮ್ಮ ದನಿ, ‘ತಿನ್ಲಿ ಬಿಡು, ಪಾಪ.’ ನಾನು ಅದನ್ನು ಮೂರು ಸಲ ಹಚ್ಚಿ ಕೇಳಿದೆ. ನಾನು ಈ ಮನೆಗೆ ಬಂದ ವರ್ಷದಿಂದ ಕೈಗೆ ಡಬ್ಬಿ ಕೊಟ್ಟು ‘ಬಡೀ ಬೇ, ಕಳ್ಳ ಗಿಳಿ ಬಂದಾವು’ ಎಂದು ಬಿಸಿಲಿಗೆ ಅಟ್ಟಿದವರು ನೀವೇ ಅಲ್ಲವೇ? ಕಲಘಟಗಿಯ ಗಿಳಿ ಪಾಪ, ಯಮನೂರಿನ ಗಿಳಿ ಕಳ್ಳ. ಹೌದು, ನನಗೆ ಹೊಟ್ಟೆಕಿಚ್ಚು. ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲ, ಬರೆದುಬಿಟ್ಟೆ.

ಈಗ ನನ್ನ ತಪ್ಪನ್ನೂ ಬರೆಯುತ್ತೇನೆ. ಆ ವಿಡಿಯೋಕ್ಕೂ ಮೊದಲು ಒಂದು ದಿನ ಫೋನಿನಲ್ಲಿ ನೀವು, ‘ಬೀಜದ ಐದು ತೆನಿಗೆ ಕುಬಸಾ ತೊಡಸು, ನನ್ನ ಟ್ರಂಕಿನ್ಯಾಗ ಅದಾವು. ತಳದಾಗಿಂದು ಮಾತ್ರ...’ ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಗಿಳಿ ತಿನ್ನಬಾರದೆಂದು ಪ್ರತಿ ವರ್ಷ ನಿಮ್ಮ ಹರಿದ ಕುಬಸಗಳನ್ನು ತೆನೆಗೆ ಹಾಕಿ ದಾರ ಕಟ್ಟುವವರು ನೀವು, ಅದು ನನಗೆ ಗೊತ್ತಿದ್ದದ್ದೇ. ಟ್ರಂಕು ತೆಗೆದರೆ ಹಳೆಯವು ನಾಲ್ಕೇ ಇದ್ದವು. ತಳದಲ್ಲಿ ಪೇಪರು ಸುತ್ತಿದ ಹೊಸದೊಂದು. ಗುಳೇದಗುಡ್ಡದ ಹಸಿರು ಖಣ, ಕೆಂಪು ಅಂಚು, ಹೊಲಿಸಿ ಇಟ್ಟದ್ದು. ಬರುವ ಗುರುವಾರ ಸುನಿತಾಳ ಕುಬಸದ ಕಾರ್ಯ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹಸಿರು ಕುಬಸ. ಯಾರಿಗೆಂದು ಹೊಲಿಸಿದಿರಿ ಎಂದು ಮತ್ತೆ ಕೇಳಬೇಕೇ? ತಳದ್ದನ್ನು ಮುಟ್ಟಬೇಡ ಅನ್ನುತ್ತಿದ್ದಿರಿ, ಅಷ್ಟೇ. ನನ್ನ ಕಾರ್ಯದಲ್ಲಿ ನವಲಗುಂದದ ಸಂತೆಯ ರೆಡಿಮೇಡ್ ಕೊಟ್ಟಿದ್ದಿರಿ, ಮೊದಲ ನೀರಿಗೇ ಬಣ್ಣ ಬಿಟ್ಟಿತು. ಮೈಯೆಲ್ಲ ಉರಿದು, ಆ ಖಣದ ಕುಬಸವನ್ನು ಮಡಿಕೆ ಬಿಡಿಸಿ ನೆಟ್ಟಗೆ ನೋಡದೆಯೇ ಒಯ್ದು ಎಲ್ಲಕ್ಕಿಂತ ದೊಡ್ಡ ತೆನೆಗೆ ತೊಡಿಸಿಬಿಟ್ಟೆ.

ಹನ್ನೆರಡು ದಿನದಿಂದ ಅದು ಬಿಸಿಲು ಮಂಜಿನಲ್ಲಿ ನಿಂತಿದೆ. ಆಚೆಮನೆಯ ಮಲ್ಲಕ್ಕ ನೋಡಿ, ‘ಏನ ಶಾರದಾ, ನಿಮ್ಮ ಸೂರ್ಯಪಾನಕ್ಕ ಏಳು ತಿಂಗಳೇನ?’ ಎಂದು ಸೊಂಟ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಆಮೇಲೆ ಒಳಗೆ ಹೋಗಿ ಅತ್ತೆ. ಆದರೂ ಬಿಚ್ಚಲಿಲ್ಲ. ಸುನಿತಾಳಿಗೆ ಬೇರೆ ಖಣ ತಗೊಳ್ಳಿರಿ. ಗುರುವಾರದ ಕಾರ್ಯಕ್ಕೆ ನಾನು ಬರುವುದಿಲ್ಲ, ಎಮ್ಮೆಯನ್ನು ಯಾರು ನೋಡಬೇಕು?

ಮೈದುನ ಸಿದ್ಧಾರೂಢನಿಗೂ ಸುನಿತಾಳಿಗೂ ನನ್ನ ಆಶೀರ್ವಾದ. ಹೊಟ್ಟೆಯ ಕೂಸಿಗೆ ಬೇರೆ ಒಂದು, ಅದು ಏನೂ ಮಾಡಿಲ್ಲ.

ನಿಮ್ಮ
ಶಾರದವ್ವ

ಮತ್ತೊಂದು ಮಾತು: ಶನಿವಾರ ಮುಂಜಾನೆ. ಬುಡನಸಾಬ ಕಾಕಾ ಬಾಗಿಲಲ್ಲಿ ನಿಂತು ‘ಬಸ್ಸು ಹೋಕ್ಕತಿ ಬೇ’ ಅನ್ನುತ್ತಿದ್ದಾರೆ. ಗಿಳಿಗಳು ಖಣವನ್ನೇ ಹರಿಯತೊಡಗಿದ್ದವು, ಓಡಿಹೋಗಿ ಬಿಚ್ಚಿ ತಂದೆ. ತೊಳೆಯಲು ತಿರುವಿದಾಗ ಕಂಡಿತು, ಎಡಗೈ ತೋಳು ಬಲಗೈಯದಕ್ಕಿಂತ ಎರಡು ಬೆರಳು ಅಗಲ. ಸುನಿತಾಳ ಎರಡೂ ಕೈ ನನ್ನ ಮಣಿಕಟ್ಟಿನಷ್ಟಿವೆ. ತೊಟ್ಟು ನೋಡಿದೆ ಅತ್ತಿ, ಪಿನ್ನು ಬೇಕಾಗಲಿಲ್ಲ. ಬೆನ್ನಿಗೆ ಎರಡು ತೂತು ಬಿದ್ದಿವೆ, ಸೆರಗು ಹೊದ್ದರೆ ಕಾಣುವುದಿಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ. ಎಮ್ಮೆಯನ್ನು ಮಲ್ಲಕ್ಕ ನೋಡಿಕೊಳ್ಳುತ್ತಾಳೆ, ಗುರುವಾರ ಇದನ್ನೇ ತೊಟ್ಟು ಬರುತ್ತೇನೆ. ಆವತ್ತು ಫೋನು ಕಟ್ಟಾದಾಗ ‘ತಳದಾಗಿಂದು ಮಾತ್ರ’ ಅಂದಿರಲ್ಲ, ಅದರ ಮುಂದಿನ ಮಾತನ್ನು ಎಲ್ಲರ ಎದುರು, ಸುನಿತಾಳಿಗೂ ಕೇಳುವ ಹಾಗೆ, ಒಂದು ಸಲ ಗಟ್ಟಿಯಾಗಿ ಹೇಳಿರಿ.