ಸುಣ್ಣದಡಿಯ ಬಿರುಕು

ಸುರಕ್ಷತಾ ಅಧಿಕಾರಿಯೂ ನನ್ನ ಒಡಹುಟ್ಟಿದವನೂ ಆದ ಅಣ್ಣನಿಗೆ,

ನೀವು ಇಲಾಖೆಯವರು ನೆಲದ ನಡುಕ ಅಳೆಯುವ ಯಂತ್ರ ಕೊಡುತ್ತೇವೆಂದಿರಿ, ಕೊಡಲಿಲ್ಲ. ಶಾಲೆಯನ್ನು ಬೇರೆಡೆ ಸಾಗಿಸುತ್ತೇವೆಂದಿರಿ, ಸಾಗಿಸಲಿಲ್ಲ. ಕಡೆಗೆ, ಬಿರುಕೇ ಇಲ್ಲವೆಂದು ಬರೆದುಕೊಟ್ಟಿರಿ.

"ಜ್ವಾಲಾಮುಖಿ ಮೂವತ್ತು ಕಿಲೋಮೀಟರ್ ದೂರ ಇದೆ. ಅದೇನು ಬಸ್ ಹತ್ತಿ ಬರುತ್ತದೇನೋ?" ಎಂದು ನೀನು ಪಾಲಕರ ಸಭೆಯನ್ನು ನಗಿಸಿದೆ. ಅದಕ್ಕೆ ಬಸ್ ಬೇಕಿಲ್ಲ ಅಣ್ಣ. ಇಲ್ಲಿ ಭೂಖಂಡವೇ ಸೀಳಿಹೋಗುತ್ತಿದೆ. ಕರಗಿದ ಕಲ್ಲು ಆ ಸೀಳಿನೊಳಗೆ ಅಡ್ಡಡ್ಡಲಾಗಿ ನುಗ್ಗಿ, ಎಷ್ಟೋ ದೂರದ ನೆಲವನ್ನು ಅಗಲಿಸುತ್ತದೆ. ನಿಮ್ಮ ಇಲಾಖೆಯ ಕರಪತ್ರದಲ್ಲೇ ಓದಿದ್ದು.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ನಾವು ಗಾರೆಯವರು ಅದರ ಮೇಲೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸುತ್ತೇವೆ. ಒಂದನೇ ತರಗತಿಯ ಗೋಡೆಗೆ ಮೂರು ಅಂಟಿಸಿದ್ದೆ. ಮೂರೂ ಒಡೆದವು. ಹೋದ ವಾರ ನಿನ್ನ ಮೇಲಧಿಕಾರಿ ಬರುವ ಮುನ್ನಾದಿನ "ನನ್ನ ಮಾನ ಉಳಿಸೋ" ಎಂದು ನೀನು ಫೋನ್ ಮಾಡಿದೆ. ನಾನು ಸಂಘದ ಕಾರ್ಯದರ್ಶಿ ಎಂಬುದನ್ನು ಮರೆತು ತಮ್ಮನಾಗಿಬಿಟ್ಟೆ. ಗಾಜು ಕಿತ್ತು, ಸಿಮೆಂಟು ಮೆತ್ತಿ, ಸುಣ್ಣ ಬಳಿದವನು ನಾನೇ.

ಇವತ್ತು ಊಟದ ಬಿಡುವಿನಲ್ಲಿ ಆ ಕೋಣೆಯ ನೆಲ ಬಾಯಿಬಿಟ್ಟಿತು. ಮಕ್ಕಳು ಅಂಗಳದಲ್ಲಿದ್ದರು. ಆ ತರಗತಿಯ ಟೀಚರ್ ನಮ್ಮ ಅತ್ತಿಗೆಯೇ; ಹಾಜರಿ ಪುಸ್ತಕ ತರಲು ಒಳಗೆ ಹೋಗಿದ್ದರು. ಸೊಂಟದವರೆಗೆ ಹೂತವರನ್ನು ನಾವು ನಾಲ್ವರು ಎಳೆದೆವು. ಎರಡೂ ಕಾಲು ಮುರಿದಿವೆ, ಜೀವಕ್ಕೆ ಭಯವಿಲ್ಲ. "ನಿಮ್ಮಣ್ಣನಿಗೆ ಹೇಳಪ್ಪ, ಸುಣ್ಣ ಚೆನ್ನಾಗಿ ಕೂತಿದೆ ಅಂತ" ಎಂದರು. ಅವರನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸು.

ಆಸ್ಪತ್ರೆಗೆ ಅವರ ಕನ್ನಡಕ ತಂದುಕೊಡು. ಶಾಲೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿಕೊಂಡು ಬಾ. ಸುಣ್ಣ ಬಳಿದವರು ಯಾರು, ಬಳಿಸಿದವರು ಯಾರು ಎಂದು ಪಾಲಕರ ಮುಂದೆ ನಾನೇ ಹೇಳುತ್ತೇನೆ. ನೀನೂ ಪಕ್ಕದಲ್ಲಿ ನಿಲ್ಲಬೇಕು. ಸಭೆ ಶಾಲೆಯ ಅಂಗಳದಲ್ಲಿ, ನಾಳೆ ಗುರುವಾರ, ಬೆಳಿಗ್ಗೆ ಎಂಟು ಗಂಟೆಗೆ.

ನಿನ್ನ ತಮ್ಮ,
ಕಾರ್ಯದರ್ಶಿ, ಗಾರೆ ಕೆಲಸಗಾರರ ಸಂಘ