ಹೂವಿನ ಮದುವೆಗೆ ಹೋದ ಜಾಣ ಮಕ್ಕಳು

ಪ್ರತಿಭಾ ತರಗತಿಯ ಅಪ್ಪಣೆಗೆ ಸಹಿ ಹಾಕಿದ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಬೇಕಂತೆ. ಆ ಮಾತನ್ನು ಸೋಮವಾರದ ತನಕ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ನೀವು ಏನು ಮಾಡುತ್ತೀರೋ ನೋಡಿ ಆಮೇಲೆ ಕೊಡುತ್ತೇನೆ.

ನಮ್ಮ ಪೇಟೆಯ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನೀವು ತೆರೆಸಿದ ಪ್ರತಿಭಾ ತರಗತಿಯ ಮಕ್ಕಳು ಈಗ ತರಗತಿಯಲ್ಲಿ ಇಲ್ಲ. ಆಸ್ಪರಿ ದಾರಿಯ ಹತ್ತಿ ಹೊಲದಲ್ಲಿ ಸಾಲು ಹಿಡಿದು ನಿಂತಿದ್ದಾರೆ. ಸಾಲದ್ದಕ್ಕೆ ದೀಪಾವಳಿ ರಜೆಯಲ್ಲಿ ಹೊಲದ ಶೆಡ್ಡಿನಲ್ಲೇ ಅವರನ್ನು ಮಲಗಿಸಿಕೊಂಡು "ಅಧ್ಯಯನ ಶಿಬಿರ" ನಡೆಸಲು ನೀವು ಒಪ್ಪಿಗೆ ಕೊಟ್ಟಿದ್ದೀರಿ. ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರು ಬರುತ್ತದೆ. ಅದನ್ನು ಹತ್ತಬೇಕಾದವರಲ್ಲಿ ನನ್ನ ಮೊಮ್ಮಗಳು ಅಕ್ಕನಾಗಮ್ಮನೂ ಒಬ್ಬಳು. ಆಕೆ ಹತ್ತಬಾರದು. ಯಾರ ಮಗುವೂ ಹತ್ತಬಾರದು. ನನ್ನ ವಿಷಯ ಇಷ್ಟೇ. ಉಳಿದದ್ದನ್ನು ಬರೆಯುತ್ತಿರುವುದು ಯಾಕೆಂದರೆ, ಕಾರಣ ಬರೆಯದ ಕಾಗದ ನಿಮ್ಮ ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟುವುದಿಲ್ಲವೆಂದು ಕೇಳಿದ್ದೇನೆ. ಇದನ್ನು ಪತ್ರಿಕೆಗೂ ಕೊಟ್ಟದ್ದು ಅದಕ್ಕೇ.

ನಾನು ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದೆ ಖಾನಾವಳಿ ನಡೆಸುವ ಹೆಂಗಸು. ನಾಲ್ಕನೇ ತರಗತಿಯ ನಡುವೆ ನನ್ನನ್ನು ಎಬ್ಬಿಸಿಕೊಂಡು ಹೋಗಿ ಮದುವೆ ಮಾಡಿದರು. ಬರೆಯುವುದನ್ನು ಗಿರಾಕಿಗಳು ಬಿಟ್ಟುಹೋದ ಪತ್ರಿಕೆ ನೋಡಿ ಕಲಿತೆ. ಆದ್ದರಿಂದ ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುತ್ತಾ ಕೂತು ಸೋಮವಾರ ಕಳೆಯಬೇಡಿ.

ಹೋದ ವರ್ಷ ನೀವು ಈ ತರಗತಿ ತೆರೆದಾಗ ನಾನು ಬೈಯಲಿಲ್ಲ. ಬೈಯುವುದು ನನ್ನ ಸ್ವಭಾವ, ಆದರೂ ಬೈಯಲಿಲ್ಲ. ಚುರುಕಾದ ಮಕ್ಕಳನ್ನು ಆರಿಸಿ ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ, ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸುತ್ತಾರೆ, ಶನಿವಾರ ಶನಿವಾರ ಊರಿನ ತಿಳಿದವರನ್ನು ಕರೆಸಿ ಮಾತಾಡಿಸುತ್ತಾರೆ ಎಂದರು. ಕನ್ನಡ ಶಾಲೆಯ ಬೋರ್ಡಿಗೆ ಬಣ್ಣ ಬಳಿಯುವವರೂ ಇಲ್ಲದ ಈ ಆಂಧ್ರದ ಊರಲ್ಲಿ ಇಷ್ಟು ಮರ್ಯಾದೆ ಯಾರಿಗೆ ಬೇಡ? ಮೊದಲು ಬಂದವರು ರೈಲಿನ ಗಾರ್ಡಾಗಿ ನಿವೃತ್ತರಾದ ವಿಠ್ಠಲರಾಯರು. ಅವರು ಕೆಂಪು ಹಸಿರು ಬಾವುಟ ತಂದು ತೋರಿಸಿದರಂತೆ. ನಮ್ಮ ಅಕ್ಕನಾಗಮ್ಮ ಎದ್ದು ನಿಂತು, ಕೊನೆಯ ಡಬ್ಬಿಯಲ್ಲಿ ಕೂತವರಿಗೆ ಮುಂದೆ ಏನಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದಳಂತೆ. ರಾಯರು ನಕ್ಕು, "ತಿಳಿಯೂದಿಲ್ಲ ತಂಗಿ, ಬ್ರೇಕ್ ಒಂದು ನನ್ನ ಕೈಯಾಗ ಇರ್ತದ" ಅಂದರಂತೆ. ಆ ಸಂಜೆ ಅವರು ಖಾನಾವಳಿಯ ತನಕ ಬಂದು ನನಗೆ ಇದನ್ನು ಹೇಳಿಹೋದರು. ಅವರ ಮೊಮ್ಮಗಳು ಜಯಾಬಾಯಿಯೂ ಅದೇ ತರಗತಿ. ಎಂಥ ದೊಡ್ಡ ಲೆಕ್ಕವಾದರೂ ಬಾಯಲ್ಲೇ ಮಾಡಿ ಬಿಸಾಕುವ ಹುಡುಗಿ. ಮಕ್ಕಳು ಮನೆಗೆ ಬಂದು ಎಲ್ಲದಕ್ಕೂ ಯಾಕೆ ಯಾಕೆ ಎನ್ನುತ್ತಿದ್ದವು. ರೊಟ್ಟಿ ಯಾಕೆ ಉಬ್ಬುತ್ತದೆ ಎಂದು ಕೇಳಿ ನನ್ನ ರೊಟ್ಟಿ ಸೀಯುವಂತೆ ಮಾಡಿದ್ದಾಳೆ ನನ್ನ ಮೊಮ್ಮಗಳು. ಅದಕ್ಕೂ ನಾನು ಬೈಯಲಿಲ್ಲ.

ಈ ವರ್ಷ ಮಳೆಗಾಲದಲ್ಲಿ ಬಂದ ಅತಿಥಿ ಬೀಜದ ಕಂಪನಿಯ ಸಾಹೇಬ. ಜೀಪಿನಲ್ಲಿ ಬಂದ. ಮಕ್ಕಳಿಗೆ ಪೇಡೆ ಹಂಚಿದ, ಭೂತಗನ್ನಡಿ ತೋರಿಸಿದ, ಹತ್ತಿಯ ಹೂವನ್ನು ಬಿಡಿಸಿ ಒಳಗೆ ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಳಿದ. ಒಂದು ಸಾಲಿನ ಗಿಡದ ಮೊಗ್ಗಿನಿಂದ ಗಂಡು ಭಾಗವನ್ನು ಕಿತ್ತು, ಮರುದಿನ ಇನ್ನೊಂದು ಸಾಲಿನ ಗಿಡದ ಹೂವಿನ ಪುಡಿ ತಂದು ಸವರಿದರೆ ಹೊಸ ಬೀಜ ಹುಟ್ಟುತ್ತದಂತೆ. ಇದಕ್ಕೆ ಅವನು ಇಟ್ಟ ಹೆಸರು ಹೂವಿನ ಮದುವೆ. ಒಳ್ಳೆ ಪಾಠವೇ. ಆದರೆ ಪಾಠ ಮುಗಿದ ಮೇಲೆ ಅವನು ಒಬ್ಬರಿಗೂ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ಕೈ ಚಾಚಿರಿ ಎಂದ. ಸಾಲಾಗಿ ನಡೆಯುತ್ತಾ ಬೆರಳುಗಳನ್ನು ನೋಡಿದ. ಮರುವಾರ ಪ್ರತಿಭಾ ತರಗತಿಗೆ ಮತ್ತೊಮ್ಮೆ ಆಯ್ಕೆ ನಡೆಯಿತು. ಜಯಾಬಾಯಿಯನ್ನು ತೆಗೆದರು. ಆಕೆಯ ಬೆರಳು ದಪ್ಪ. ಅಕ್ಷರವನ್ನೇ ಕೂಡಿಸಿ ಓದಲು ಬಾರದ ಇಬ್ಬರು ಹುಡುಗಿಯರು ಒಳಗೆ ಬಂದರು. ಅವರ ಬೆರಳು ಕಡ್ಡಿಯಂತೆ ಸಣ್ಣ. ನಿಮ್ಮ ಪ್ರತಿಭೆ ತಲೆಯಿಂದ ಬೆರಳಿಗೆ ಯಾವಾಗ ಇಳಿಯಿತು, ಆ ಅಪ್ಪಣೆಗೂ ನೀವೇ ಸಹಿ ಹಾಕಿದಿರೋ, ಕೇಳಬಹುದೇ?

ಹೊಲಕ್ಕೆ ಹೋಗುವ ಮೊದಲ ದಿನ ನಮ್ಮ ಓಣಿಯ ಹೆಂಗಸರು ಏನು ಮಾಡಿದೆವು ಗೊತ್ತೇ? ಮದುವೆ ಎಂದರಲ್ಲ, ನಂಬಿದೆವು. ಮಕ್ಕಳಿಗೆ ಎಣ್ಣೆ ನೀರು ಎರೆದು, ಜರಿಯ ಲಂಗ ಉಡಿಸಿ, ಹೂವಿಗೆ ಹಚ್ಚಲೆಂದು ಕೈಯಲ್ಲಿ ಅರಿಶಿನ ಕುಂಕುಮದ ಪೊಟ್ಟಣ ಕೊಟ್ಟೆವು. ನಾನು ಹೋಳಿಗೆ ಮಾಡಿ ಬುತ್ತಿ ಕಟ್ಟಿದೆ. ನಮ್ಮ ಓಣಿಯ ಜಂಬಯ್ಯನ ಹೆಂಡತಿ ಮಗಳ ಉಡಿ ತುಂಬಿ ಕಳಿಸಿದಳು. ಟ್ರ್ಯಾಕ್ಟರು ಹೊರಡುವಾಗ ಸೋಬಾನೆ ಹಾಡಿದೆವು, ಸ್ವಾಮಿ. ನಿಮಗೆ ನಗು ಬರಬಹುದು. ಅವತ್ತು ಬೀಜದ ಸಾಹೇಬನಿಗೂ ಬಂತು.

ಒಂದು ದಿನದ ಪಾಠವೆಂದುಕೊಂಡಿದ್ದೆವು. ಗಿಡ ಹೂ ಬಿಡುತ್ತಿರುವಷ್ಟು ಕಾಲ ದಿನಾ ನಡೆಯಬೇಕಂತೆ, ಭಾನುವಾರವೂ. ಬೆಳಿಗ್ಗೆ ಪುಡಿ ಸವರುವುದು, ಮಧ್ಯಾಹ್ನ ಇಳಿದ ಮೇಲೆ ಮೊಗ್ಗು ಬಿಡಿಸುವುದು. ನಡುವೆ ಶಾಲೆಗೆ ತಂದು ಬಿಟ್ಟರೆ ಮಕ್ಕಳು ಬೆಂಚಿನ ಮೇಲೆ ತಲೆ ಇಟ್ಟು ನಿದ್ದೆ. ದಸರಾ ಹಬ್ಬಕ್ಕೆ ಮುಂಚೆ ನಾನು ಮನೆಯ ಮಕ್ಕಳ ಉಗುರು ತೆಗೆಯಲು ಕೂತೆ. ಅಕ್ಕನಾಗಮ್ಮ ಒಂಬತ್ತು ಬೆರಳು ಕೊಟ್ಟಳು, ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಜಗ್ಗಿದರೂ ಬಿಡಲಿಲ್ಲ.

"ಅದನ್ನ ತಗೀಬ್ಯಾಡ ಅಜ್ಜಿ. ಮೊಗ್ಗು ಸೀಳಾಕ ಬೇಕು. ತಗದ್ರ ಸರ್ ಕ್ಲಾಸಿಂದ ಹೊರಗ ಹಾಕ್ತಾರ."

ಉಗುರು ಬೆಳೆದವರ ಗೆಣ್ಣಿಗೆ ರೂಲುದೊಣ್ಣೆಯಲ್ಲಿ ಹೊಡೆಯುವ ಶಾಲೆ ಅದು. ಜಾಣ ಮಕ್ಕಳ ಒಂದು ಹೆಬ್ಬೆರಳಿಗೆ ಮಾತ್ರ ಮಾಫಿ ಕೊಟ್ಟಿದೆ. ಆ ಉಗುರಿನ ಸಂದಿಯಲ್ಲಿ ಹಸಿರು ಕರೆ ಕೂತಿತ್ತು. ಮೂಸಿ ನೋಡಿದೆ. ಗಿಡದ ವಾಸನೆಯಲ್ಲ, ಹುಳಕ್ಕೆ ಹೊಡೆಯುವ ಎಣ್ಣೆಯ ವಾಸನೆ. ಅದೇ ಕೈಯಲ್ಲಿ ಆಕೆ ಉಣ್ಣುತ್ತಾಳೆ.

ಮರುದಿನ ಮಜ್ಜಿಗೆ ಕೊಡ ಹಿಡಿದುಕೊಂಡು ಹೊಲಕ್ಕೇ ಹೋದೆ. ಹತ್ತಿ ಹೊಲವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಎಲ್ಲ ಹೊಲದಲ್ಲೂ ಮಾತು ಇರುತ್ತದೆ, ಹಾಡು ಇರುತ್ತದೆ, ಜಗಳವಾದರೂ ಇರುತ್ತದೆ. ಈ ಹೊಲದಲ್ಲಿ ಒಂದು ಗುಬ್ಬಿಯ ಸದ್ದೂ ಇಲ್ಲ. ಅಷ್ಟು ಮಕ್ಕಳು, ಗಿಡದ ಎತ್ತರಕ್ಕೆ ತಲೆ ಮಾತ್ರ ಕಾಣುತ್ತದೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಬಿಡಿಸಿದ ಮೊಗ್ಗಿಗೆಲ್ಲ ಕೆಂಪು ದಾರ ಕಟ್ಟಿದ್ದಾರೆ. ನೋಡಿದಷ್ಟು ದೂರ ಕೆಂಪು ದಾರ. ಬೇವಿನ ನೆರಳಲ್ಲಿ ಹೆಡ್‌ಮಾಸ್ತರು ಕುರ್ಚಿ ಹಾಕಿಸಿಕೊಂಡು ಹಾಜರಿ ಕೂಗುತ್ತಿದ್ದರು. ನಾನು ಮೊಮ್ಮಗಳ ಸಾಲಿಗೆ ನುಗ್ಗಿ ಮಜ್ಜಿಗೆ ಕುಡಿ ಬಾ ಎಂದೆ. ತಲೆ ಎತ್ತಲಿಲ್ಲ. "ಮಾತಾಡಿಸಬ್ಯಾಡ ಅಜ್ಜಿ, ಸಾಲು ಮುಗದಿಲ್ಲ" ಅಂದಳು. ದನಿ ಅವಳದೇ, ಮಾತು ಅವಳದಲ್ಲ.

ಹೊಲದ ಮೇಸ್ತ್ರಿ ನರಸಣ್ಣ ಓಡಿ ಬಂದ. ನಮ್ಮ ಖಾನಾವಳಿಯಲ್ಲೇ ಉಣ್ಣುವವನು. ಎಣ್ಣೆಯ ವಾಸನೆ ಇನ್ನೂ ಆರದ ಹೊಲಕ್ಕೆ ಮಕ್ಕಳನ್ನು ಯಾಕೆ ಇಳಿಸಿದಿ, ದಿನಗೂಲಿಗೆ ಬರುತ್ತಿದ್ದ ಹೆಂಗಸರು ಎಲ್ಲಿ ಎಂದು ಕೇಳಿದೆ. ಅವರು ಎಣ್ಣೆ ಹೊಡೆದ ದಿನ ಹೊಲಕ್ಕೆ ಇಳಿಯೆವೆಂದು ಜಗಳ ತೆಗೆದು ಹೋದರಂತೆ. "ಪಿಲ್ಲಲೈತೇ ಏಮೀ ಅಡಗರಮ್ಮಾ" ಅಂದ. ಮಕ್ಕಳಾದರೆ ಏನೂ ಕೇಳುವುದಿಲ್ಲ ಎಂದು. ಆಮೇಲೆ, ನನಗೆ ಸಮಾಧಾನ ಹೇಳುವವನಂತೆ ಕನ್ನಡದಲ್ಲಿ ಸೇರಿಸಿದ: "ದೊಡ್ಡಾರ ಬೆರಳಿಗೆ ಮೊಗ್ಗು ಮುರೀತೈತಿ. ಈ ಹುಡುಗ್ಯಾರು ಕಿತ್ತಿದ್ದು ಹೂವಿಗೇ ಗೊತ್ತಾಗಂಗಿಲ್ಲ ನೋಡವ್ವ."

ನೋಡಿದೆ. ಯಾಕೆ ಯಾಕೆ ಎಂದು ಕೇಳಲು ಕಲಿಸುವ ತರಗತಿಯಿಂದ, ಏನೂ ಕೇಳದಿರುವುದಕ್ಕಾಗಿಯೇ ಮಕ್ಕಳನ್ನು ಆರಿಸಿ ತಂದಿದ್ದಾರೆ. ನೀವು ಸ್ವಾತಂತ್ರ್ಯ ದಿನದಂದು ಬಂದು, ಈ ಮಕ್ಕಳು ನಾಡಿನ ಸಂಪತ್ತು ಎಂದು ಭಾಷಣ ಮಾಡಿ ಹೋದಿರಿ. ಸಂಪತ್ತು ಯಾರ ಹೊಲದಲ್ಲಿ ಎಂದು ಆವತ್ತೇ ಹೇಳಿದ್ದರೆ ಇಷ್ಟು ದೂರ ನಡೆದು ನೋಡುವ ಕಷ್ಟ ನನಗೆ ತಪ್ಪುತ್ತಿತ್ತು.

ಈಗ ಜಂಬಯ್ಯನ ಮಗಳ ಮಾತು. ಜಂಬಯ್ಯ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲಿ. ಮಗಳು ವೀರಬಸಮ್ಮ, ನನ್ನ ಮೊಮ್ಮಗಳ ಬೆಂಚಿನವಳು. ಕಳೆದ ಶನಿವಾರ ಅತಿಥಿ ಭಾಷಣ ನಡೆಯುತ್ತಿತ್ತು. ಅತಿಥಿ ಮತ್ತೆ ಅದೇ ಸಾಹೇಬ. ಬೇರೆಯವರು ಬಂದು ಎಷ್ಟೋ ಶನಿವಾರಗಳಾದವು. ಹೊಲದಿಂದ ಬಂದು ಕೂತಿದ್ದ ವೀರಬಸಮ್ಮ ಎದ್ದು ನಿಂತು, ಬೋರ್ಡು ಕತ್ತಲೆಯಾಗಿದೆ ಎಂದಳಂತೆ. ಮಟಮಟ ಮಧ್ಯಾಹ್ನ. ಕೂತುಕೋ ಎಂದರಂತೆ. ಕೂತವಳ ಬಾಯಿಂದ ಜೊಲ್ಲು ಸುರಿಯಲು ಶುರುವಾಯಿತು, ವಾಂತಿಯಾಯಿತು, ಕೈಕಾಲು ಅದುರಿದವು. ಕಣ್ಣಪಾಪೆ ಸಾಸಿವೆಗಿಂತ ಸಣ್ಣಗಾಗಿತ್ತೆಂದು ನನ್ನ ಮೊಮ್ಮಗಳು ಹೇಳುತ್ತಾಳೆ. ಬಿಸಿಲಿನ ದೋಷವೆಂದು ಹೆಡ್‌ಮಾಸ್ತರು ಮನೆಗೆ ಕಳಿಸಿದರು. ಬಿಸಿಲು ನಮಗೆ ಹೊಸದೇ? ಬಿಸಿಲಿನಿಂದ ಕಣ್ಣಪಾಪೆ ಕುಗ್ಗಿದವರನ್ನು ಈ ಊರಲ್ಲಿ ನಾನು ಕಂಡಿಲ್ಲ. ಹುಡುಗಿ ಈಗ ದೇವನಕೊಂಡದಲ್ಲಿ ತಾಯಿಯ ತವರಿನಲ್ಲಿದ್ದಾಳೆ. ಜೀವಕ್ಕೆ ಭಯವಿಲ್ಲವಂತೆ. ಆದರೆ ನೀರಿನ ಲೋಟ ಹಿಡಿದರೆ ಅರ್ಧ ಚೆಲ್ಲುತ್ತದೆ. ಹೋದ ಸೋಮವಾರವೇ ಅವಳ ಜಾಗದಲ್ಲಿ ಇನ್ನೊಂದು ಹುಡುಗಿಯನ್ನು ಕೂರಿಸಿದ್ದರು. ಬೆಂಚು ಒರೆಸಿಯೂ ಇರಲಿಲ್ಲ ಎಂದು ಅಕ್ಕನಾಗಮ್ಮ ಹೇಳಿದಳು, ಉಣ್ಣುತ್ತಾ, ಯಾವುದೋ ಊರಿನ ಸುದ್ದಿ ಹೇಳುವ ಹಾಗೆ. ಹೇಳುವಾಗ ಆಕೆಯ ಹೆಬ್ಬೆರಳು ಅನ್ನದ ಅಗುಳುಗಳನ್ನು ಒಂದೊಂದಾಗಿ ಸೀಳುತ್ತಿತ್ತು.

ಕೈಕೆಲಸ ಕಲಿತರೆ ತಪ್ಪೇನು ಎಂದು ನೀವು ಕೇಳುವಿರಿ. ನನ್ನ ಮಗ, ಅಕ್ಕನಾಗಮ್ಮನ ಅಪ್ಪ ಕೊಟ್ರಬಸಪ್ಪನೂ ಅದನ್ನೇ ಕೇಳುತ್ತಾನೆ. ಅವನು ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತ. ಶಿಬಿರ ಮುಗಿಸಿದ ಮಕ್ಕಳಿಗೆ ಸರ್ಕಾರದ ಗುರುಕುಲ ವಸತಿ ಶಾಲೆಯ ಸೀಟಿಗೆ ಶಿಫಾರಸು ಸಿಗುತ್ತದೆಂದು ಹೇಳಿ ಅವನ ಬಾಯಿ ಕಟ್ಟಿದ್ದಾರೆ. "ಅವ್ವಾ, ನೀ ಅಡ್ಡ ಬಂದ್ರ ಆಕಿ ಒಬ್ಬಾಕಿದ್ದೇ ಓದು ಹೋಗ್ತೈತಿ, ಉಳಿದಾರದ್ದಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ನನಗೆ ಕೋಪ. ಕೂಲಿ ಕೇಳಲು ನಾನು ಬರೆಯುತ್ತಿಲ್ಲ. ಹೊಲದ ಕೆಲಸ ಕೀಳೆಂದೂ ಹೇಳುತ್ತಿಲ್ಲ. ನನ್ನ ಮನೆಯಲ್ಲಿ ಮಕ್ಕಳು ತಟ್ಟೆ ತೊಳೆಯುತ್ತವೆ, ನೀರು ಸೇದುತ್ತವೆ. ಆದರೆ ಸಾಕಾದರೆ ಸಾಕು ಅನ್ನುತ್ತವೆ, ನನಗೆ ಎದುರು ಮಾತೂ ಆಡುತ್ತವೆ. ಒಂದು ಹೂ ಬಿಡಿಸಿ ತೋರಿಸಿದರೆ ಪಾಠ ಮುಗಿಯಿತು. ಆಮೇಲಿನದು ಯಾರ ಪಾಠ? ದಿನಾ ಸಂಜೆ ಮನೆಗೆ ಬರುವಾಗಲೇ ಹೀಗಾದರೆ, ಬಾಗಿಲು ಹಾಕಿದ ಶೆಡ್ಡಿನಲ್ಲಿ, ಎಣ್ಣೆಯ ಡಬ್ಬಿಗಳ ಪಕ್ಕ ಮಲಗಿಸಿದಾಗ ಯಾವ ಮಗು ಕತ್ತಲೆಯಾಗಿದೆ ಎಂದು ಯಾರಿಗೆ ಹೇಳಬೇಕು?

ಆದ್ದರಿಂದ ಶಿಬಿರದ ಅಪ್ಪಣೆಯನ್ನು ವಾಪಸು ತೆಗೆದುಕೊಳ್ಳಿ. ಒಂದು ಮಗುವೂ ಇನ್ನು ಆ ಹೊಲಕ್ಕೆ ಇಳಿಯಕೂಡದು. ವೀರಬಸಮ್ಮನನ್ನು ಸರಿಯಾದ ಡಾಕ್ಟರಿಗೆ ತೋರಿಸಿ, ಎಣ್ಣೆಯ ಹೆಸರು ಮುಚ್ಚಿಡದೆ ಅವರಿಗೆ ಹೇಳಿ. ಜಯಾಬಾಯಿಯನ್ನು ತರಗತಿಗೆ ವಾಪಸು ಕೂರಿಸಿ. ಇಲ್ಲವಾದರೆ ಸೋಮವಾರ ಖಾನಾವಳಿಯ ಒಲೆ ಹಚ್ಚುವುದಿಲ್ಲ. ನಾನು, ಜಂಬಯ್ಯನ ಹೆಂಡತಿ, ಆ ಹೊಲ ಬಿಟ್ಟು ಬಂದ ಹೆಂಗಸರು ಶಾಲೆಯ ಗೇಟಿನಲ್ಲಿ ಟ್ರ್ಯಾಕ್ಟರಿಗೆ ಅಡ್ಡ ಕೂತಿರುತ್ತೇವೆ.

ಟ್ರ್ಯಾಕ್ಟರಿನ ಭಯ ನನಗಿಲ್ಲ. ಭಯ ಬೇರೆ ಇದೆ. ನಿನ್ನೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಹಠ ಮಾಡಲಿಲ್ಲ. ನೆಟ್ಟಗೆ ನನ್ನ ಮುಖ ನೋಡಿ ಅಂದಳು: "ನೀ ಮುಂದ ಕುಂತಿರು ಅಜ್ಜಿ, ನಾ ಹಿಂದಿಲಿಂದ ಹತ್ತತೀನಿ. ನಾ ಜಾಣಿ ಅದೀನಿ ಅಂತ ಸಾಹೇಬ್ರು ಹೇಳ್ಯಾರ. ನೀ ಯಾವತ್ತಾದ್ರೂ ಹೇಳಿಯೇನು?"

ಹೇಳಿಲ್ಲ. ಇನ್ನು ಹೇಳಿದರೆ ನಂಬುವುದಿಲ್ಲ. ಆಕೆಯನ್ನು ಆರಿಸಿದವರು ನೀವು. ಹತ್ತಬೇಡ ಎಂದು ನೀವು ಹೇಳಿದರೆ ಮಾತ್ರ ಕೇಳುತ್ತಾಳೆ. ಕಾಗದದಲ್ಲಿ ಬೇಡ. ಸೋಮವಾರ, ಟ್ರ್ಯಾಕ್ಟರಿಗಿಂತ ಮೊದಲು, ನೀವೇ ಬಂದು ಆ ಮಕ್ಕಳ ಎದುರು ನಿಂತು ಹೇಳಿ.

ಇಂತಿ,
ಸ್ವಂತ ಮೊಮ್ಮಗಳನ್ನು ತಡೆಯಲಾರದೆ ನಿಮ್ಮ ಬಾಗಿಲು ತಟ್ಟಿದ
ಗುರುಲಿಂಗಮ್ಮ
ಖಾನಾವಳಿ, ಹತ್ತಿ ಮಾರುಕಟ್ಟೆಯ ಹಿಂದೆ, ಆದವಾನಿ