ಕಂಬಿಗೆ ಕಟ್ಟಿದ ಪಟ್ಟಿ

ಮಕ್ಕಳ ವಾರ್ಡು, ಕೊನೆಯ ಸಾಲು
ಬುಧವಾರ ಕಳೆದು ಗುರುವಾರ, ರಾತ್ರಿ ಎರಡೂವರೆ

ಅಕ್ಕನಿಗೆ,

ಮೊದಲು ಪ್ರೀತಿಯ ಅಕ್ಕನಿಗೆ ಎಂದೇ ಬರೆದಿದ್ದೆ. ಸಿಟ್ಟಿಗೆ ಆ ಪದವನ್ನು ಹೊಡೆದುಹಾಕಿದೆ. ಗೀಟಿನ ಕೆಳಗೆ ಅದು ಇನ್ನೂ ಕಾಣುತ್ತಿದ್ದರೆ ಕಾಣಲಿ.

ಒಂದೂವರೆಗೆ ನನಗೆ ಎಚ್ಚರವಾಯಿತು. ಟಕ್ ಟಕ್ ಟಕ್ ಎಂದು ಪ್ಲಾಸ್ಟಿಕ್ಕು ಕಬ್ಬಿಣಕ್ಕೆ ಬಡಿಯುವ ಸಣ್ಣ ಸದ್ದು. ಫ್ಯಾನಿನದಿರಬೇಕು ಎಂದುಕೊಂಡೆ. ಕಣ್ಣು ಬಿಟ್ಟರೆ ಪಕ್ಕದ ಮಂಚದ ಮಗು ಸೆಟೆದುಕೊಂಡು ಅದುರುತ್ತಿತ್ತು. ಆ ಅದುರಿಗೆ ಮಂಚದ ಕಂಬಿಗೆ ಕಟ್ಟಿದ್ದ, ಹೆಸರು ಬರೆದ ಪ್ಲಾಸ್ಟಿಕ್ ಪಟ್ಟಿ ಕುಣಿಯುತ್ತಿತ್ತು. ಆ ಪಟ್ಟಿ ನಿಮ್ಮ ಇಲಾಖೆಯದು. ರೋಗಿ ಅದಲುಬದಲಾಗಬಾರದು ಎಂದು ಊರೂರಿನ ಆಸ್ಪತ್ರೆಗಳಿಗೆ ನೀನು ಹಂಚಿಸಿದೆಯಲ್ಲ, ಅದೇ.

ನೀನು ಈಗ ಏನಂದುಕೊಳ್ಳುತ್ತೀಯ ಅಂತ ನನಗೆ ಗೊತ್ತು. ಗಾಬರಿಪುಟ್ಟಿ ಮತ್ತೆ ಶುರುವಿಟ್ಟುಕೊಂಡಳು. ಮಗುವಿಗೆ ಬಿಕ್ಕಳಿಕೆ ಬಂತೆಂದು ನಡುರಾತ್ರಿ ನಿನ್ನನ್ನು ಎಬ್ಬಿಸಿದವಳು ನಾನೇ, ಒಪ್ಪುತ್ತೇನೆ. ಅಂದಿನಿಂದ ನೀನು ಫೋನ್ ಆರಿಸಿ ಮಲಗುತ್ತೀಯ. ಈಗಲೂ ಮಾಡಿ ನೋಡಿದೆ, ಆರಿಯೇ ಇದೆ. ನಮ್ಮವರು ರೈಲಿನ ಜೊತೆ ಎಲ್ಲೋ ದೂರದಲ್ಲಿದ್ದಾರೆ, ಗಾರ್ಡ್ ಕೆಲಸ ಬಿಟ್ಟು ನಡುದಾರಿಯಲ್ಲಿ ಇಳಿದು ಬರಲಾಗುವುದಿಲ್ಲ. ನಾನೇ ಬರೋಣವೆಂದರೆ ಮಗಳು ನನ್ನ ಎದೆಯ ಮೇಲಿದ್ದಾಳೆ, ಅವಳ ಉಸಿರಿನ ಮೇಲಿಂದ ಕೈ ತೆಗೆಯುವ ಧೈರ್ಯ ನನಗಿಲ್ಲ. ಅದಕ್ಕೇ ಈ ಪತ್ರ, ನಿನ್ನದೇ ಕರಪತ್ರದ ಖಾಲಿ ಬೆನ್ನಿನ ಮೇಲೆ. ತಿರುಗಿಸಿದರೆ 'ಸುರಕ್ಷಿತ ರೋಗಿ, ನೆಮ್ಮದಿಯ ಮನೆ' ಎಂದಿದೆ. ಚೆನ್ನಾಗಿ ಬರೆದಿದ್ದೀಯ.

ನಡೆದದ್ದನ್ನು ಹೇಳುತ್ತೇನೆ. ನೀವು ಕಳಿಸಿದ ಕೈಪಟ್ಟಿಗಳೆಲ್ಲ ಒಂದೇ ಅಳತೆ, ದೊಡ್ಡವರ ಕೈಗೆ ಸರಿ. ನನ್ನ ಎಂಟು ತಿಂಗಳ ಮಗಳಿಗೆ ಹಾಕಿದರೆ ಭುಜದವರೆಗೂ ಏರುತ್ತದೆ, ಕೈ ಇಳಿಬಿಟ್ಟರೆ ಉದುರಿ ಬೀಳುತ್ತದೆ. ಅದಕ್ಕೆ ಈ ವಾರ್ಡಿನವರು ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಪಟ್ಟಿಯನ್ನು ಮಗುವಿನ ಕೈಗಲ್ಲ, ಮಂಚದ ಕಂಬಿಗೆ ಕಟ್ಟುತ್ತಾರೆ. ಪಟ್ಟಿಯೂ ಇದ್ದಂತಾಯಿತು, ತಪಾಸಣೆಗೆ ಬಂದವರ ಕಣ್ಣಿಗೂ ಬಿದ್ದಂತಾಯಿತು. ಹೋದ ತಿಂಗಳು ತಪಾಸಣೆಗೆ ಬಂದವಳು ನೀನೇ. ಬಾಗಿಲಲ್ಲೇ ನಿಂತು ಕಣ್ಣಾಡಿಸಿ, ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿ ಹೋದೆಯಂತೆ. ಒಳಗೆ ಬಂದು ಒಂದೇ ಒಂದು ಮಗುವಿನ ಕೈ ಹಿಡಿದು ನೋಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ನಿನ್ನೆ ಸಂಜೆ ಮಗಳಿಗೆ ಏದುಸಿರು ಜೋರಾಯಿತು. ಆಕ್ಸಿಜನ್ ಪೈಪು ಎಟಕುವುದು ಗೋಡೆ ಪಕ್ಕದ ಮಂಚಕ್ಕೆ ಮಾತ್ರ. ಅಲ್ಲಿ ಫಿಟ್ಸ್ ಬರುವ ಆ ಮಗು ಮಲಗಿತ್ತು. ಎರಡೂ ಮಕ್ಕಳನ್ನು ಎತ್ತಿ ಒಂದರ ಜಾಗಕ್ಕೆ ಇನ್ನೊಂದನ್ನು ಮಲಗಿಸಿದರು. ಮಕ್ಕಳು ಬದಲಾದವು, ಪಟ್ಟಿಗಳು ಕಂಬಿಯಲ್ಲೇ ಉಳಿದವು.

ರಾತ್ರಿ ಪಾಳಿಗೆ ಬಂದ ನರ್ಸ್ ಒಂಬತ್ತು ಗಂಟೆಗೆ ಪಟ್ಟಿ ಓದಿ ಮದ್ದು ಕೊಟ್ಟಳು. ನೆಲ ಒರೆಸಬೇಕೆಂದು ಆಗ ನಮ್ಮಿಬ್ಬರು ತಾಯಂದಿರನ್ನೂ ಹೊರಗೆ ಕಳಿಸಿದ್ದರು. ಫಿಟ್ಸ್ ತಡೆಯುವ ಮದ್ದು ನನ್ನ ಮಗಳಿಗೆ ಹೋಯಿತು, ಅವಳ ಕಫದ ಮದ್ದು ಆ ಮಗುವಿಗೆ. ಮಗಳು ನಿದ್ದೆಹೋದಳು. ಮೂರು ರಾತ್ರಿಯಿಂದ ಕಣ್ಣು ಮುಚ್ಚದ ಮಗು ಮಲಗಿತೆಂದು ನಾನು ಖುಷಿಪಟ್ಟೆ ಅಕ್ಕ. ಶಬ್ದವಾಗದಂತೆ ಚಪ್ಪಲಿ ಬಿಟ್ಟು ನಡೆದೆ.

ಆಮೇಲೆ ಆ ಟಕ್ ಟಕ್. ನರ್ಸ್ ಓಡಿಬಂದು ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿದಳು. ಪಟ್ಟಿ ನೋಡಿದಳು, ಮಗುವಿನ ಮುಖ ನೋಡಿದಳು, ತಿರುಗಿ ನನ್ನ ಮಗಳನ್ನು ನೋಡಿದಳು. ಏನಾಗಿದೆ ಎಂದು ನನಗೆ ಆಗಲೇ ತಿಳಿಯಿತು.

ಫಿಟ್ಸ್ ತಾನಾಗಿ ನಿಂತಿತು. ಡ್ಯೂಟಿ ಡಾಕ್ಟರು ಬಂದು ಚೀಟಿ ನೋಡಿದರು. ಒಂಬತ್ತಕ್ಕೆ ಮದ್ದು ಕೊಟ್ಟಿದೆ ಎಂದು ಅದರಲ್ಲಿದೆ. ಕೊಟ್ಟರೂ ಫಿಟ್ಸ್ ಬಂದಿದೆ, ಅಂದರೆ ಈ ಮದ್ದು ಸಾಲುತ್ತಿಲ್ಲ, ಬೆಳಿಗ್ಗೆ ಆರಕ್ಕೆ ಇನ್ನೂ ಬಲವಾದದ್ದನ್ನು ಶುರುಮಾಡೋಣ, ಅದು ಉಸಿರನ್ನು ತಗ್ಗಿಸಬಹುದು, ಉಸಿರಾಟದ ಯಂತ್ರ ಸಿದ್ಧವಿರಲಿ ಎಂದರು. ಸಾಲದ ಮದ್ದಲ್ಲ ಅದು ಅಕ್ಕ, ಕೊಡದ ಮದ್ದು. ಹೊಟ್ಟೆಗೆ ಹೋಗದ ಮದ್ದಿನ ಮೇಲೆ ತಪ್ಪು ಹೊರಿಸಿ ಒಂದು ಹಸುಗೂಸನ್ನು ಯಂತ್ರಕ್ಕೆ ಕಟ್ಟಲು ಹೊರಟಿದ್ದಾರೆ.

ನಾನು ಸುಮ್ಮನಿರಲಿಲ್ಲ. ಪಟ್ಟಿ ಅದಲುಬದಲಾಗಿದೆ, ಬಂದು ನೋಡಿ ಎಂದು ಡಾಕ್ಟರನ್ನು ಕರೆತಂದೆ. ನಾನು ಬೆರಳು ತೋರಿಸುವಷ್ಟರಲ್ಲಿ ಪಟ್ಟಿಗಳು ಅವರವರ ಮಂಚಕ್ಕೆ ಬಂದು ಕೂತಿದ್ದವು. ನರ್ಸ್ ನೆಲ ನೋಡುತ್ತಾ ನಿಂತಿದ್ದಳು. ಡಾಕ್ಟರು ನನ್ನ ಮಗಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಒಳ್ಳೇ ನಿದ್ದೆಯಲ್ಲಿದ್ದಾಳೆ ಎಂದರು. ನಂತರ ನನ್ನ ಕಡೆ ನೋಡಿ, "ನೀವೂ ಸ್ವಲ್ಪ ನಿದ್ದೆ ಮಾಡಿ ಮೇಡಂ" ಎಂದರು. ಥೇಟ್ ನಿನ್ನ ದನಿ.

ಹಾಲಿನ ಬಾಟಲಿ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಹಿಂದೆಯೇ ನರ್ಸ್ ಬಂದಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮಗಳು ಈಗಾಗಲೇ ಕದಲತೊಡಗಿದ್ದಾಳೆ, ಬೆರಳಿಗೆ ಕ್ಲಿಪ್ಪು ಹಾಕಿ ಉಸಿರು ನೋಡುತ್ತಲೇ ಇದ್ದೇನೆ ಎಂದಳು. ಹಾಗಾದರೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ರೇಗಿದೆ. ನಿನ್ನ ಬಹುಮಾನದ ಫಲಕದ ಕಥೆ ಆಗ ಹೊರಬಿತ್ತು. ಇಡೀ ವರ್ಷ ಒಂದೂ ತಪ್ಪಾಗದ ಆಸ್ಪತ್ರೆ ಎಂದು ಬೆಳಿಗ್ಗೆ ಹತ್ತಕ್ಕೆ ನೀನೇ ಬಂದು ಕೊಡುತ್ತೀಯಂತೆ. ಆ ಫಲಕ ಕೈತಪ್ಪುವಂತೆ ಮಾಡಿದವರು ಮರುದಿನದಿಂದ ಕೆಲಸಕ್ಕೆ ಬರಬೇಕಿಲ್ಲ ಎಂದು ಮೇಲಿನವರು ಹೇಳಿಟ್ಟಿದ್ದಾರೆ.

"ಅಕ್ಕ, ತಪ್ಪು ಹೇಳಿಕೊಂಡ್ರೆ ಶಿಕ್ಷೆ ಇಲ್ಲ ಅಂತ ಗೋಡೆ ಮೇಲೆ ಬರೆದಿದೆ. ತಪ್ಪೇ ಆಗದಿದ್ರೆ ಬಹುಮಾನ ಅಂತ ಅದರ ಪಕ್ಕದಲ್ಲೇ ಬರೆದಿದೆ. ನಾನು ಯಾವುದನ್ನ ನಂಬಲಿ?"

ಅವಳ ಕೆನ್ನೆಗೆ ಬಾರಿಸಬೇಕು ಎಂದು ಕೈ ತುರಿಸುತ್ತಿತ್ತು. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನೀನು. ನಿನ್ನ ಹತ್ತಿರ ಇದೆಯಾ? ಎರಡು ಬೋರ್ಡೂ ನಿಮ್ಮವೇ ತಾನೆ? ಸಭೆಗಳಲ್ಲಿ ಎಷ್ಟು ಚೆಂದ ಮಾತಾಡುತ್ತೀಯ, ಮುಚ್ಚಿಟ್ಟ ತಪ್ಪೇ ಮತ್ತೊಂದು ಜೀವ ತೆಗೆಯುತ್ತದೆ ಅಂತೆಲ್ಲ. ಪೇಪರಿನಲ್ಲಿ ಬಂದ ಆ ಫೋಟೋವನ್ನು ಅಮ್ಮ ಗಾಜಿನ ಬೀರುವಿನಲ್ಲಿಟ್ಟು ಮನೆಗೆ ಬಂದ ಹಾಲಿನವನಿಗೂ ತೋರಿಸುತ್ತಾಳೆ. ಆದರೆ ತಪ್ಪು ಮುಚ್ಚಿಟ್ಟವರಿಗೇ ಹಾರ ಹಾಕುವ ಏರ್ಪಾಡು ಮಾಡಿದವಳೂ ನೀನೇ. ತಪ್ಪು ಆಗದ ಆಸ್ಪತ್ರೆ ಭೂಮಿಯ ಮೇಲೆ ಇಲ್ಲ ಎಂದು ನನಗೆ ಹೇಳಿಕೊಟ್ಟಿದ್ದೂ ನೀನು. ಹಾಗಾದರೆ ಒಂದೂ ತಪ್ಪಿಲ್ಲ ಎಂದು ಬರೆದುಕೊಟ್ಟಾಗ ನಿನಗೆ ಅನುಮಾನ ಬರಲಿಲ್ಲವಾ?

ಆ ಮಗುವಿನ ತಾಯಿಗೆ ಏನೂ ಗೊತ್ತಿಲ್ಲ. ಬಟ್ಟೆ ಹೊಲಿಯುವ ಕೆಲಸದವಳು. ಸೊಂಟದಲ್ಲೇ ಸೂಜಿದಾರ ಇಟ್ಟುಕೊಂಡಿರುತ್ತಾಳೆ. ಮಧ್ಯಾಹ್ನ ನನ್ನ ಮಗಳ ಟೋಪಿಯ ಲಾಡಿ ಕಿತ್ತುಬಂದಿದ್ದನ್ನು ನೋಡಿ, ಇದೇನು ಒಂದೇ ಲಾಡಿಯ ಟೋಪಿ ಎಂದು ನಕ್ಕು ಹೊಲಿದುಕೊಟ್ಟಳು. ಈಗ ಮಗುವಿನ ಪಾದ ಹಿಡಿದುಕೊಂಡು ಮಂಚದ ಕಂಬಿಗೆ ಒರಗಿ ಕೂತಿದ್ದಾಳೆ. ಬೆಳಿಗ್ಗೆ ದೊಡ್ಡ ಮದ್ದು ಕೊಡ್ತಾರಂತೆ, ಇನ್ನು ಚಿಂತೆಯಿಲ್ಲ ಎಂದು ನನಗೇ ಸಮಾಧಾನ ಹೇಳಿದಳು. ಅವಳ ಮಗುವಿನ ಮದ್ದು ನನ್ನ ಮಗುವಿನ ಮೈಯಲ್ಲಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿದರೂ ಪಟ್ಟಿ ಸರಿಯಾಗಿದೆ, ಚೀಟಿ ಸರಿಯಾಗಿದೆ. ವಾರ್ಡಿನಲ್ಲಿ ಹುಚ್ಚಿ ಒಬ್ಬಳಿದ್ದದ್ದು ಇಬ್ಬರಾಗುತ್ತೇವೆ, ಅಷ್ಟೆ.

ಮಕ್ಕಳ ವಿಭಾಗದ ದೊಡ್ಡ ಡಾಕ್ಟರು ಎಷ್ಟು ಹೊತ್ತಿನಲ್ಲಾದರೂ ನಿನ್ನ ಕರೆ ಎತ್ತುತ್ತಾರೆ. ಒಂದು ಮಾತು ಸಾಕು. ಆ ಮಗುವಿಗೆ ಹೊಸ ಮದ್ದು ಬೇಡ, ತಪ್ಪಿಹೋದದ್ದನ್ನು ಕೊಡಿ, ಈ ಮಗುವನ್ನೂ ಬಂದು ನೋಡಿ. ಐದೂವರೆಯವರೆಗೆ ಕಾಯುತ್ತೇನೆ. ಆಮೇಲೆ ಹೊಲಿಗೆಯವಳಿಗೆ ಹೇಳಿ ಇಬ್ಬರೂ ಆ ಮಂಚಕ್ಕೆ ಅಡ್ಡ ನಿಲ್ಲುತ್ತೇವೆ. ನೀನು ಹಾರತುರಾಯಿ ಹಿಡಿದು ಬರುವ ಹೊತ್ತಿಗೂ ಅಲ್ಲೇ ನಿಂತಿರುತ್ತೇವೆ.

ಈ ಸಲ ಬಿಕ್ಕಳಿಕೆಯಲ್ಲ ಎಂದು ನಂಬು.

ನಿನ್ನ
ಗಾಬರಿಪುಟ್ಟಿ

ಮರೆತಿದ್ದೆ: ಈ ಪತ್ರ ತಂದು ನಿನ್ನ ಬಾಗಿಲಲ್ಲಿ ನಿಂತಿರುವವಳೇ ಆ ನರ್ಸ್. ಪಕ್ಕದ ವಾರ್ಡಿನ ಗೆಳತಿಯನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ಸಮವಸ್ತ್ರದ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು ನಾಲ್ಕು ಬೀದಿ ಓಡಿಬಂದಿದ್ದಾಳೆ. ದೊಡ್ಡ ಡಾಕ್ಟರಿಗೆ ಅವಳೇ ತನ್ನ ಬಾಯಿಂದ ಹೇಳುತ್ತಾಳೆ, ನೀನು ಪಕ್ಕದಲ್ಲಿದ್ದರೆ. ನಮ್ಮಕ್ಕ ಗೋಡೆಯ ಮೇಲೆ ಬರೆಸಿದ ಮಾತಿಗೆ ತಪ್ಪುವವಳಲ್ಲ, ನಿನಗೇನೂ ಆಗಲು ಬಿಡುವುದಿಲ್ಲ ಎಂದು ಅವಳಿಗೆ ಹೇಳಿ ಕಳಿಸಿದ್ದೇನೆ. ನಿಜವೋ ಸುಳ್ಳೋ ನನಗೇ ಗೊತ್ತಿಲ್ಲದ ಮಾತು. ನೀನು ಅದನ್ನು ನಿಜ ಮಾಡು. ಅವಳನ್ನು ಒಳಗೆ ಕರೆ, ಫೋನ್ ಹಚ್ಚು, ಮಾಡು ಅಕ್ಕ, ದಮ್ಮಯ್ಯ ಅಂತೀನಿ, ಬೆಳಗಾಗುವ ಮುಂಚೆ ಮಾಡು.